ಚಾಲಕನ ಪೀಠ, ಚಾಲಕನ ಟೊಂಕ

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಗಾಡಿಯನ್ನು ಕಂಡವರಲ್ಲ. ಕಂಡಿದ್ದರೆ, ಕುಳಿತೇ ದುಡಿಯುವವನೂ ಒಬ್ಬನುಂಟು, ಕುಳಿತುದರಿಂದಲೇ ಸವೆಯುವವನೂ ಅವನೇ ಎಂದು ಇನ್ನೊಂದು ಮಾತನ್ನು ಸೇರಿಸುತ್ತಿದ್ದರೇನೋ! ಹೊಲದಲ್ಲಿ ಬಗ್ಗಿ ದುಡಿಯುವವನ ಬೆನ್ನು ನೋಯುವುದೆಂದರೆ ಎಲ್ಲರೂ ಒಪ್ಪುತ್ತಾರೆ. ಮೂಟೆ ಹೊರುವ ಹಮಾಲನ ಬೆನ್ನು ನೋಯುವುದೆಂದರೆ ಯಾರೂ ಬೆರಗಾಗುವುದಿಲ್ಲ. ಆದರೆ ಆಸನದ ಮೇಲೆ ಕುಳಿತು ಚಕ್ರ ತಿರುಗಿಸುವವನಿಗೆ ನೋವೆಲ್ಲಿಯದು ಎಂಬ ಪ್ರಶ್ನೆ ಒಮ್ಮೊಮ್ಮೆ ಅವನ ಮನೆಯವರ ಬಾಯಿಂದಲೂ ಹೊರಡುವುದುಂಟು.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಪುಣೆಯಿಂದ ಸೋಲಾಪುರದ ಮೇಲೆ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಈ ಎರಡು ತಾಲ್ಲೂಕುಗಳನ್ನೂ ಹಾಯ್ದುಹೋಗುತ್ತದೆ. ಬಸವಕಲ್ಯಾಣಕ್ಕೆ ತಿರುಗುವವರು ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಬಿಡುತ್ತಾರೆ. ಹುಮನಾಬಾದಿನಲ್ಲಿ ಬೀದರಿನಿಂದ ಕಲಬುರಗಿಗೆ ಹೋಗುವ ದಾರಿ ಅದನ್ನು ಸಂಧಿಸುತ್ತದೆ. ಇಂತಹ ಕೂಡುದಾರಿಯ ಊರುಗಳಲ್ಲಿ ಲಾರಿಯೂ ಪಿಕಪ್ ಗಾಡಿಯೂ ಅನೇಕ ಮನೆಗಳ ಅನ್ನಕ್ಕೆ ಆಧಾರವಾಗಿರುವುದು ಸಹಜವೇ ಸರಿ. ತೊಗರಿ, ಉದ್ದು, ಸೋಯಾ, ತರಕಾರಿ, ಸಿಮೆಂಟು, ಕಬ್ಬಿಣ, ಮದುವೆಯ ಮನೆಯ ಪಾತ್ರೆ ಪರಡಿ—ಪಿಕಪ್ ಗಾಡಿ ಹೊರದ ವಸ್ತುವಿಲ್ಲ.

ಈ ದಾರಿಯ ಒಬ್ಬ ಚಾಲಕನನ್ನು ಊಹಿಸಿಕೊಳ್ಳಬಹುದು. ವಯಸ್ಸು ಮೂವತ್ತೆರಡು. ಗಾಡಿ ಅವನದೇ, ಸಾಲ ಇನ್ನೂ ತೀರಿಲ್ಲ. ನಸುಕಿನಲ್ಲಿ ತರಕಾರಿ ತುಂಬಿಕೊಂಡು ಹೈದರಾಬಾದಿಗೆ ಹೊರಟರೆ ಮಧ್ಯಾಹ್ನಕ್ಕೆ ಖಾಲಿ ಗಾಡಿಯೊಡನೆ ಹಿಂದಿರುಗಬೇಕು. ಸಂಜೆಗೆ ಕಲಬುರಗಿಯ ಬಾಡಿಗೆ ಸಿಕ್ಕರೆ ಅದನ್ನೂ ಬಿಡಲಾಗದು. ಮೊದಲು ರಾತ್ರಿ ಮಲಗುವಾಗ ಮಾತ್ರ ಟೊಂಕ ಹಿಡಿದಂತಾಗುತ್ತಿತ್ತು. ಬರಬರುತ್ತ ಬೆಳಿಗ್ಗೆ ಎದ್ದೊಡನೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು ಕಷ್ಟವಾಯಿತು. ಈಗ ಬಲಗಾಲಿನ ಹಿಂಭಾಗದಲ್ಲಿ ಇರುವೆ ಹರಿದಂತೆ ಜೋಮು. ಧಾಬಾದ ಯಜಮಾನ, “ಯಾಕೋ ತಮ್ಮಾ, ಕುರ್ಚಿ ಖಾಲಿ ಅದ, ಕೂಡಬಾರ್ದಾ?” ಎಂದರೆ ಅವನ ಉತ್ತರ ಒಂದೇ: “ಕುಂತೇ ಬಂದೀನಿ ಕಾಕಾ, ಈಗ ನಿಂತ್ರೇ ಆರಾಮ ಅದ.”

ಆ ಒಂದು ಮಾತಿನಲ್ಲಿ ರೋಗದ ಅರ್ಧ ನಿದಾನ ಅಡಗಿದೆ.

ಕಲ್ಯಾಣಕ್ಕೂ ಆಸನದ ಚಿಂತನೆಗೂ ಹಳೆಯ ನಂಟುಂಟು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನಿಗೆ ಸಲ್ಲುವ ಉಪಭೋಗಗಳನ್ನು ಎಣಿಸುತ್ತ ಆಸನ, ಯಾನ, ಶಯ್ಯೆ, ಕಾಲಿಗೆ ಎಣ್ಣೆ ತಿಕ್ಕುವ ಪಾದಾಭ್ಯಂಗ ಇವೆಲ್ಲಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟನು. ಒಳ್ಳೆಯ ಪೀಠ ಅರಸನ ಸುಖದ ವಿಷಯವೆಂದು ಆ ಕಾಲದವರು ಅರಿತಿದ್ದರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಪೀಠವನ್ನು ಬಿಡದೆ ದುಡಿಯುವವನಿಗೆ ಅದು ಸುಖದ ವಿಷಯವಲ್ಲ, ಹೊಟ್ಟೆಪಾಡಿನ ವಿಷಯ ಎಂಬುದನ್ನು ಈ ಕಾಲದವರು ಇನ್ನೂ ಪೂರ್ತಿಯಾಗಿ ಅರಿತಂತಿಲ್ಲ.

ಬೆನ್ನುಮೂಳೆ ಒಂದೇ ಕೋಲಿನಂತಹುದಲ್ಲ. ಒಂದರ ಮೇಲೊಂದು ಜೋಡಿಸಿದ ಮೂಳೆಗಳ ನಡುವೆ ಮೆತ್ತೆಗಳಿವೆ. ವೈದ್ಯರು ಇವನ್ನು ಡಿಸ್ಕ್ ಎನ್ನುತ್ತಾರೆ. ನಿಂತಾಗ ಟೊಂಕದ ಭಾಗ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಗೂನು ಮಾಡಿಕೊಂಡು ಕುಳಿತಾಗ ಆ ಬಾಗು ಅಳಿದು ಬೆನ್ನು ಹೊರಕ್ಕೆ ಉಬ್ಬುತ್ತದೆ. ಮೆತ್ತೆಯ ಮುಂಭಾಗ ಅದುಮಿ ಹಿಂಭಾಗ ಹಿಗ್ಗುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗಿನ ಒತ್ತಡವನ್ನೇ ಅಳೆದು, ಒರಗಿಲ್ಲದೆ ಕುಳಿತಾಗ ಅದು ನಿಂತಾಗಿನದಕ್ಕಿಂತ ಅಧಿಕವೆಂದೂ ಮುಂದಕ್ಕೆ ಬಾಗಿದರೆ ಇನ್ನೂ ಏರುವುದೆಂದೂ ಕಂಡನು. ಕುಳಿತಾಗಿನ ಏರಿಕೆ ಎಷ್ಟೆಂಬ ಬಗ್ಗೆ ಮುಂದಿನ ಅಳತೆಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಬಗ್ಗಿ ಭಾರವೆತ್ತುವಾಗ ಅದು ಬಹಳ ಏರುತ್ತದೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆದರೆ ಕಚೇರಿಯ ಗುಮಾಸ್ತನೂ ಕುಳಿತೇ ಇರುತ್ತಾನಲ್ಲವೇ? ಇರುತ್ತಾನೆ, ಅವನ ಕುರ್ಚಿ ಕುಣಿಯುವುದಿಲ್ಲ. ಚಾಲಕನಿಗೆ ಕೂಡುವಿಕೆಯ ಜೊತೆಗೆ ಕಂಪನವೂ ಸೇರುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕಂಪನದ ವೇಗ ಒಂದುಂಟು. ಹೊರಗಿನ ಕಂಪನ ಅದಕ್ಕೆ ಹೊಂದಿದರೆ ವಸ್ತು ಹೆಚ್ಚು ಅಲುಗುತ್ತದೆ. ತೂಗುಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ನೂಕಿದರೆ ಏರುವಂತೆ. ಕುಳಿತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಮೇಲು ಕೆಳಗಿನ ಕುಲುಕಾಟಕ್ಕೆ ಹೀಗೆ ಓಗೊಡುತ್ತದೆ. ಗಾಡಿಗಳ ಕುಲುಕಾಟದಲ್ಲಿ ಇದೇ ವೇಗದ ಪಾಲು ಸಾಕಷ್ಟಿರುತ್ತದೆ. ಅಮೆರಿಕದಲ್ಲಿ ಕೆಲ್ಸಿ ಮತ್ತು ಹಾರ್ಡಿ ಎಂಬ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ವೇಳೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ವಾಹನ ನಡೆಸುವ ಗಂಡಸರಿಗೆ ಟೊಂಕದ ಡಿಸ್ಕ್ ಜಾರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಎಂದು ಕಂಡುಬಂತು. ಯೂರೋಪಿನ ದೇಶಗಳು 2002ರಲ್ಲಿ ಒಂದು ನಿರ್ದೇಶನ ಹೊರಡಿಸಿ, ದುಡಿಯುವವನ ಮೈ ದಿನಕ್ಕೆ ಎಷ್ಟು ಕಂಪನವನ್ನು ತಾಳಬಹುದೆಂಬುದಕ್ಕೆ ಅಂಕೆ ಹಾಕಿದವು.

ಪಿಕಪ್ ಗಾಡಿಯ ರಚನೆಯೇ ಈ ಕಷ್ಟವನ್ನು ಹೆಚ್ಚಿಸುವಂತಹುದು. ಅದರ ಹಿಂದಿನ ಉಕ್ಕಿನ ಪಟ್ಟಿಯ ಸ್ಪ್ರಿಂಗುಗಳು ಭಾರ ಹೊರಲೆಂದು ಬಿಗಿಯಾಗಿರುತ್ತವೆ. ಆದುದರಿಂದಲೇ ತುಂಬಿದ ಗಾಡಿಗಿಂತ ಖಾಲಿ ಗಾಡಿ ಹೆಚ್ಚು ಎತ್ತಿ ಹಾಕುತ್ತದೆ. ಸರಕು ಇಳಿಸಿ ಹಗುರಾದೆನೆಂದು ವೇಗವಾಗಿ ಹಿಂದಿರುಗುವ ಚಾಲಕ ಟೊಂಕಕ್ಕೆ ಅತಿ ಹೆಚ್ಚು ಪೆಟ್ಟು ತಿನ್ನುವುದು ಆಗಲೇ. ಕೆಲವು ಸಣ್ಣ ಗಾಡಿಗಳಲ್ಲಿ ಕ್ಯಾಬಿನ್ನಿನ ಹಿಂಗೋಡೆ ಬೆನ್ನಿಗೇ ತಾಗಿರುವುದರಿಂದ ಒರಗನ್ನು ಹಿಂದಕ್ಕೆ ವಾಲಿಸುವ ಅವಕಾಶವೂ ಇರುವುದಿಲ್ಲ. ದೊಡ್ಡ ಲಾರಿಗಳಲ್ಲಿ ಕಾಣಸಿಗುವ ಗಾಳಿಯ ಸ್ಪ್ರಿಂಗಿನ ಆಸನವಂತೂ ಇಲ್ಲಿ ಅಪರೂಪ.

ಆಸನದ ಮೇಲೆ ಮೆತ್ತನೆಯ ದಿಂಬೊಂದನ್ನು ಹಾಕಿಕೊಳ್ಳುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಇಲ್ಲಿಯೇ ಎಡವುವುದು. ಅತಿ ಮೆತ್ತನೆಯ ಸ್ಪಂಜು ಸಣ್ಣ ನಡುಕವನ್ನು ನುಂಗಿದರೂ ನಿಧಾನವಾದ ಆ ದೊಡ್ಡ ಕುಲುಕಾಟವನ್ನು ಹೆಚ್ಚಿಸಿಯೇ ಮೈಗೆ ದಾಟಿಸುವುದುಂಟು. ಅಲ್ಲದೆ ದಿಂಬಿನಿಂದ ಕೂಡುವ ಎತ್ತರ ಬದಲಾಗಿ, ಕಾಲು ಪೆಡಲಿಗೆ ಚಾಚಿ, ತಲೆ ಬಗ್ಗಿ, ಗೂನು ಹೆಚ್ಚುತ್ತದೆ. ಸ್ಪಂಜು ಕುಸಿದು ಕೆಳಗಿನ ಕಬ್ಬಿಣ ತೊಡೆಗೆ ತಾಗುತ್ತಿದ್ದರೆ ಸೀಟು ಹೊಲಿಯುವವನ ಅಂಗಡಿಯಲ್ಲಿ ಹಳೆಯದನ್ನು ತೆಗೆಸಿ, ಒತ್ತಿದರೆ ನಿಧಾನವಾಗಿ ಮೇಲೇಳುವ ಗಟ್ಟಿ ಸ್ಪಂಜನ್ನು ತುಂಬಿಸುವುದೇ ಲೇಸು. ಸೀಟಿನ ಬೋಲ್ಟು ಸಡಿಲವಾಗಿದೆಯೇ, ಶಾಕ್ ಅಬ್ಸಾರ್ಬರ್ ಸೋರಿದೆಯೇ, ಚಕ್ರದ ಗಾಳಿ ಬೇಕಾದುದಕ್ಕಿಂತ ಹೆಚ್ಚಾಗಿದೆಯೇ ಎಂಬುದನ್ನೂ ನೋಡಬೇಕು. ಗಾಡಿಯ ಈ ರಿಪೇರಿಯೂ ಒಂದರ್ಥದಲ್ಲಿ ಬೆನ್ನಿನ ಚಿಕಿತ್ಸೆಯೇ.

ಇನ್ನು ಕೂಡುವ ಬಗೆ. ಕುಂಡೆಯನ್ನು ಆಸನದ ಮೂಲೆಯವರೆಗೆ ಹಿಂದಕ್ಕೆ ತಳ್ಳಿ ಕುಳಿತುಕೊಳ್ಳಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿದಿರುವಷ್ಟು ಆಸನ ಹತ್ತಿರವಿರಬೇಕು. ಬೆನ್ನು ಒರಗಿಗೆ ತಾಗಿರುವಂತೆಯೇ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಯನ್ನು ಮುಟ್ಟಬೇಕು. ಒರಗು ವಾಲುವಂತಿದ್ದರೆ ನೆಟ್ಟಗೆ ನಿಲ್ಲಿಸದೆ ಕೊಂಚವೇ ಹಿಂದಕ್ಕೆ ವಾಲಿಸಬೇಕು. ಒಂದು ಟವೆಲನ್ನು ಸುತ್ತಿ, ಸೊಂಟಪಟ್ಟಿಯ ಮಟ್ಟದಲ್ಲಿ ಬೆನ್ನಿನ ತಗ್ಗಿಗೆ ಆನಿಸಿಕೊಂಡರೆ ಅಳಿದುಹೋದ ಬಾಗು ಮರಳಿ ಬರುತ್ತದೆ. ಅದು ಬೆನ್ನನ್ನು ಮುಂದಕ್ಕೆ ನೂಕುವಷ್ಟು ದಪ್ಪವಾಗಿರಬಾರದು. ಪ್ಯಾಂಟಿನ ಹಿಂಜೇಬಿನಲ್ಲಿ ಹಣ, ಲೈಸೆನ್ಸು, ರಸೀದಿಗಳಿಂದ ಉಬ್ಬಿದ ಪಾಕೀಟು ಇದ್ದರೆ ತೆಗೆದು ಮುಂದಿಡಬೇಕು. ಇದು ಕ್ಷುಲ್ಲಕ ಮಾತಲ್ಲ; ಹಿಂಜೇಬಿನ ಪಾಕೀಟು ಕಾಲಿನ ನರವನ್ನು ಒತ್ತಿ ನೋವು ತರುವುದನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 1978ರಲ್ಲಿಯೇ ವರದಿ ಮಾಡಿತ್ತು.

ಇಷ್ಟೆಲ್ಲ ಮಾಡಿದರೂ ಒಂದು ಸಂಗತಿ ಉಳಿಯುತ್ತದೆ. ಎಷ್ಟೇ ಒಳ್ಳೆಯ ಭಂಗಿಯಾದರೂ ಐದು ಗಂಟೆ ಕದಲದಿದ್ದರೆ ಅದೇ ಕೆಟ್ಟ ಭಂಗಿಯಾಗುತ್ತದೆ. ಒಂದೂವರೆ ಎರಡು ಗಂಟೆಗೊಮ್ಮೆ ಇಳಿದು, ಐದು ನಿಮಿಷ ಅಡ್ಡಾಡಿ, ಎರಡೂ ಕೈಗಳನ್ನು ಟೊಂಕದ ಮೇಲಿಟ್ಟು ನಾಲ್ಕಾರು ಸಲ ಮೆಲ್ಲನೆ ಹಿಂದಕ್ಕೆ ಬಾಗುವುದು ಯಾವ ದುಬಾರಿ ಸೀಟಿಗೂ ಕಡಿಮೆಯಲ್ಲ. ಇಳಿಯುವಾಗ ಧುಮುಕಬಾರದು. ಎಲ್ಲಕ್ಕಿಂತ ಅಪಾಯದ ಗಳಿಗೆ ಮಾರುಕಟ್ಟೆಯನ್ನು ಮುಟ್ಟಿದೊಡನೆ ಬರುತ್ತದೆ. ದೀರ್ಘಕಾಲ ಬಾಗಿ ಕುಳಿತುದರಿಂದ ಬೆನ್ನಿನ ಕಟ್ಟುಗಳು ಸಡಿಲಗೊಂಡಿರುತ್ತವೆ; ಸ್ನಾಯುಗಳು ಇನ್ನೂ ಎಚ್ಚತ್ತಿರುವುದಿಲ್ಲ. ಆ ಸ್ಥಿತಿಯಲ್ಲಿಯೇ ಚಾಲಕ ಹಿಂದಿನ ಬಾಗಿಲನ್ನು ಬಿಚ್ಚಿ 50 ಕಿಲೋ ಮೂಟೆಗೆ ಕೈಹಾಕುತ್ತಾನೆ. ಹಲವರ ಟೊಂಕ ‘ಕಳಕ್’ ಎನ್ನುವುದು ಅಲ್ಲಿ. ಮೂಟೆಯೇ ಕಾರಣವೆಂದು ಅವರು ತಿಳಿಯುತ್ತಾರೆ. ಮೂಟೆಗೆ ಮುಂಚಿನ ದಾರಿಯೂ ಆ ಪಾಪದಲ್ಲಿ ಪಾಲುದಾರ. ಗಾಡಿ ನಿಲ್ಲಿಸಿದ ಮೇಲೆ ಹತ್ತು ನಿಮಿಷ ನಿಂತು ನಡೆದಾಡಿ ಆಮೇಲೆ ಭಾರವೆತ್ತುವುದು ಜಾಣತನ.

ಕಾನೂನು ಇದನ್ನು ಯೋಚಿಸಿರಲಿಲ್ಲವೇ? ಯೋಚಿಸಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನೂ, 5 ಗಂಟೆಯ ಕೆಲಸದ ಬಳಿಕ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಸಾಮಾನ್ಯ ನಿಯಮವಾಗಿ ವಿಧಿಸಿತು. ಅದನ್ನು ಮುಂದೆ 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಲೀನಗೊಳಿಸಲಾಯಿತು. ಆದರೆ ಆ ಹಳೆಯ ಕಾಯಿದೆ ಐದು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳಿಗೆ ಹೇಳಿದ್ದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂಬ ನಿಯಮವೂ ಭಾರಸಹಿತ ತೂಕ ಮೂರೂವರೆ ಟನ್ನಿಗಿಂತ ಹೆಚ್ಚಿರುವ ವಾಹನಗಳಿಗೆ ಸಂಬಂಧಿಸಿದ್ದು. ಸಣ್ಣ ಪಿಕಪ್ ಗಾಡಿಯೊಂದರ ಒಡೆಯನೂ ಆಳೂ ತಾನೇ ಆಗಿರುವವನ ಮೇಲೆ ಇಂತಹ ನಿಯಮಗಳ ನೆರಳು ಬೀಳಲಿಲ್ಲ. ಸಾಕು, ಇಳಿದು ವಿಶ್ರಮಿಸು ಎಂದು ಅವನಿಗೆ ಹೇಳಬೇಕಾದ ಯಜಮಾನ ಅವನೇ. ಕಂತಿನ ದಿನವನ್ನು ನೆನೆದು ಬೇಡವೆನ್ನುವ ಆಳೂ ಅವನೇ.

ನೋವು ಬಂದಾಗ ಔಷಧದಂಗಡಿಯಲ್ಲಿ ಗುಳಿಗೆ ಕೊಂಡು ನುಂಗಿ ಗಾಡಿ ಏರುವುದು ಬಹಳ ಕಡೆ ಕಾಣುವ ರೂಢಿ. ನೋವಿನ ಗುಳಿಗೆಯನ್ನು ದಿನನಿತ್ಯ ತಿನ್ನುವುದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಮೂತ್ರಪಿಂಡಕ್ಕೂ ಹಾನಿ. ಸ್ನಾಯು ಸಡಿಲಿಸುವ ಕೆಲವು ಗುಳಿಗೆಗಳು ನಿದ್ದೆ ಬರಿಸುತ್ತವೆ. ಸ್ಟಿಯರಿಂಗ್ ಹಿಡಿದವನಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಹಾಗೆಂದು ನೋವಿಗೆ ಹೆದರಿ ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಬೇಡ. ಸಾಮಾನ್ಯ ಟೊಂಕನೋವು ಬಹುಮಟ್ಟಿಗೆ, ಮಿತವಾಗಿ ಓಡಾಡಿಕೊಂಡಿದ್ದರೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಜೋಮು ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಪಾದ ಎತ್ತಲು ಬಾರದೆ ಹೋದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಯನ್ನು ಸೇರಬೇಕು. ನಾಳೆಯ ಬಾಡಿಗೆ ಮುಗಿಯಲಿ ಎಂದು ಕಾದವರು ಕಾಲಿನ ಶಕ್ತಿಯನ್ನೇ ಕಳೆದುಕೊಳ್ಳುವ ಸಂಭವವುಂಟು.

ಇಲ್ಲಿ ಇತರರ ಹೊಣೆಯೂ ಇದೆ. ಸರಕು ಬಂದೊಡನೆ “ಬೇಗ ಇಳಿಸು” ಎನ್ನುವ ವ್ಯಾಪಾರಿ ಒಂದು ಲೋಟ ಚಹಾದಷ್ಟು ಹೊತ್ತು ತಾಳಬಹುದು. ಕುಳಿತವನಿಗೇನು ನೋವು ಎನ್ನುವ ಮನೆಯವರು, ಅವನು ನಿಂತೇ ಉಣ್ಣತೊಡಗಿದಾಗ ಕಾರಣ ಕೇಳಬಹುದು. ಗಾಡಿಯ ಪಟ್ಟಿ ಮುರಿದರೆ ಬೇರೊಂದನ್ನು ಹಾಕುವ ಅಂಗಡಿಗಳು ಹೆದ್ದಾರಿಯುದ್ದಕ್ಕೂ ಇವೆ. ಚಾಲಕನ ಟೊಂಕಕ್ಕೆ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ದೊರೆಯದು. ದಾರಿಯಲ್ಲಿ ಇಳಿದು ನಿಂತ ಐದು ನಿಮಿಷದಿಂದ ಸಾಲದ ಕಂತು ತಪ್ಪಿದ್ದಿಲ್ಲ. ಟೊಂಕ ಹಿಡಿದು ಗಾಡಿ ಮನೆಯ ಮುಂದೆ ನಿಂತ ತಿಂಗಳು ಮಾತ್ರ ತಪ್ಪದೇ ತಪ್ಪುತ್ತದೆ.