ಸುಟ್ಟದ್ದು ಮದರ್‌ಬೋರ್ಡ್; ಎಸೆಯುವುದು ಇಡೀ ಕಂಪ್ಯೂಟರನ್ನೇ?

ನೊಗ ಮುರಿದರೆ ಎತ್ತುಗಳನ್ನೂ ಮಾರಿದ ರೈತನುಂಟೇ? ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟೊಡನೆ ‘ಎಲ್ಲವೂ ಹೋಯಿತು, ಹೊಸ ಕಂಪ್ಯೂಟರ್ ಕೊಳ್ಳಿ’ ಎಂದು ಮಾರುಕಟ್ಟೆ ಬೋಧಿಸುತ್ತದೆ. ಅದನ್ನು ನಂಬದಿರೋಣ.

ಹಾರ್ಡ್ ಡಿಸ್ಕ್ ಉಳಿದಿದ್ದರೆ ಆಪರೇಟಿಂಗ್ ಸಿಸ್ಟಮ್ಮೂ ಕಡತಗಳೂ ಅದರಲ್ಲೇ ಉಳಿದಿರುತ್ತವೆ. ಹೊಂದುವ ಬೇರೊಂದು ಬೋರ್ಡಿಗೆ ಆ ಡಿಸ್ಕನ್ನು ಜೋಡಿಸಿದರೆ ಲಿನಕ್ಸ್ ಬಹುಮಟ್ಟಿಗೆ ಹಾಗೆಯೇ ಆರಂಭವಾಗುತ್ತದೆ. ಅದರ ಕರ್ನೆಲ್ ಪ್ರತಿ ಬಾರಿಯೂ ಯಂತ್ರಭಾಗಗಳನ್ನು ಹೊಸದಾಗಿ ಗುರುತಿಸುತ್ತದೆ. ವಿಂಡೋಸ್ 10 ಮತ್ತು 11 ಕೂಡ ಸಾಮಾನ್ಯವಾಗಿ ಹೊಸ ಬೋರ್ಡಿಗೆ ಹೊಂದಿಕೊಳ್ಳುತ್ತವೆ. ಬೂಟ್ ವಿಧಾನ ಮಾತ್ರ ಹಿಂದಿನಂತೆಯೇ ಇರಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀ ಕೈಯಲ್ಲಿರಬೇಕು.

ಹಾಗಾದರೆ ನಿಜವಾದ ಅಡ್ಡಿ ಯಾವುದು? ಪರವಾನಗಿ! ಕಂಪ್ಯೂಟರಿನೊಂದಿಗೇ ಬರುವ ಒಇಎಂ ವಿಂಡೋಸ್‌ನ ಹಕ್ಕನ್ನು ಮೂಲ ಮದರ್‌ಬೋರ್ಡಿಗೇ ಕಟ್ಟಿಹಾಕಲಾಗಿದೆ. ಹಣ ತೆತ್ತವರು ನಾವು, ಹಕ್ಕು ಮಾತ್ರ ಸುಟ್ಟ ಹಲಗೆಯದು! ಮುಕ್ತ ತಂತ್ರಾಂಶಕ್ಕೆ ಈ ಸಂಕೋಲೆಯಿಲ್ಲ.

2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಈ ರಾಶಿಗೆ ನಮ್ಮ ಮನೆಯ ಪಾಲನ್ನೂ ಸೇರಿಸಬೇಕೇ? ವಿದ್ಯಾರ್ಥಿ ಮಿತ್ರರೇ, ಸ್ಕ್ರೂಡ್ರೈವರ್ ಹಿಡಿಯಿರಿ. ದುರಸ್ತಿಯೂ ಪರಿಸರ ಹೋರಾಟವೇ.