ದಾನ ಬೇಡ, ಕೂಲಿ ಕೊಡಿ

ಕೆರೆ ಊರಿನದು, ನೀರು ಎಲ್ಲರದು. ಆದರೂ ತೂಬು ಕಾಯುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುತ್ತಿತ್ತು. ಅದನ್ನು ಯಾರೂ ಭಿಕ್ಷೆಯೆಂದು ಕರೆಯಲಿಲ್ಲ. ನೀರಗಂಟಿಗಿದ್ದ ಆ ನ್ಯಾಯ ಈ ಕಂಪ್ಯೂಟರ್ ಯುಗದ ಹಲವು ದುಡಿಮೆಗಾರರಿಗೆ ಇನ್ನೂ ದಕ್ಕಿಲ್ಲ.

ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಂಗಡಿಕಾರರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳಾದ ಲಿನಕ್ಸ್ ಅಂಥದೇ. ಆದರೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗಿರಣಿಯ ಫಿಟ್ಟರನಂತೆ ದಿನವೂ ದೋಷ ಹುಡುಕಿ ಸರಿಪಡಿಸುವವನೊಬ್ಬ ಬೇಕು. ಯಂತ್ರ ಓಡುವವರೆಗೆ ಅವನ ನೆನಪು ಯಾರಿಗೂ ಬಾರದು. ನಿಂತಾಗ ಎಲ್ಲರೂ ಅವನನ್ನೇ ಬೈಯುವರು.

2014ರಲ್ಲಿ ಆದದ್ದೂ ಇದೇ. ಅಂತರಜಾಲದ ವ್ಯವಹಾರಗಳಿಗೆ ಬೀಗವಾಗಿದ್ದ ‘ಓಪನ್‌ಎಸ್‌ಎಸ್‌ಎಲ್’ನಲ್ಲಿ ಭಾರೀ ಬಿರುಕು ಕಾಣಿಸಿತು. ಆಗ ಲೋಕಕ್ಕೆ ತಿಳಿಯಿತು: ಅದಕ್ಕೆ ಬರುತ್ತಿದ್ದ ದಾನ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ! ಆ ಬೀಗವನ್ನು ನೆಚ್ಚಿ ಕೋಟಿಗಟ್ಟಲೆ ಗಳಿಸಿದ ಧಣಿಗಳಿಗೆ ಲೆಕ್ಕವಿಲ್ಲ.

ಜರ್ಮನಿಯ ವರ್ನರ್ ಕೋಖ್ ಅವರ ಕಥೆ ಇನ್ನಷ್ಟು ಪಾಠ ಹೇಳುತ್ತದೆ. ಸಂದೇಶಗಳನ್ನು ಗುಪ್ತವಾಗಿಡುವ ‘ಗ್ನೂಪಿಜಿ’ಯನ್ನು ಅವರು 1997ರಲ್ಲಿ ಆರಂಭಿಸಿದರು. ಲೋಕವೆಲ್ಲ ಅದನ್ನು ಬಳಸಿತು. ಅವರು ಮಾತ್ರ ವರ್ಷಗಟ್ಟಲೆ ಹಣದ ಮುಗ್ಗಟ್ಟಿನಲ್ಲಿ ದುಡಿದರು. 2015ರ ಫೆಬ್ರವರಿಯಲ್ಲಿ ಈ ಸುದ್ದಿ ಪತ್ರಿಕೆಗೆ ಬಂದ ಮೇಲೆ ದಾನ ಹರಿದುಬಂತು. ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಮಾತು ಕೊಟ್ಟವು. ಸುದ್ದಿಯಾಗದಿದ್ದರೆ? ಈ ಪ್ರಶ್ನೆಗೆ ದಾನದಲ್ಲಿ ಉತ್ತರವಿಲ್ಲ.

ಉತ್ತರ ದೊರೆತದ್ದು ಬೇರೆ ದಾರಿಯಲ್ಲಿ. ಕೋಖ್ ಅವರ ಸಂಸ್ಥೆ ಸರಕಾರಿ ಕಚೇರಿಗಳ ಬಳಕೆಗೆ ತಕ್ಕ ಆವೃತ್ತಿಯನ್ನು ಸಿದ್ಧಪಡಿಸಿ, ಅದಕ್ಕೂ ಅದರ ನಿರ್ವಹಣೆಗೂ ಬೆಲೆ ಪಡೆಯತೊಡಗಿತು. 2022ರ ಆರಂಭದಲ್ಲಿ, ಇನ್ನು ನಿಮ್ಮ ದಾನ ಬೇಡವೆಂದು ಅವರೇ ದಾನಿಗಳಿಗೆ ತಿಳಿಸಿದರು. ತಂತ್ರಾಂಶ ಈಗಲೂ ಮುಕ್ತ; ದುಡಿಮೆಗೆ ಮಾತ್ರ ಬೆಲೆ.

‘ಪುಕ್ಕಟೆ ಕೊಟ್ಟವನು ಅವನೇ, ಈಗೇಕೆ ಕೇಳುತ್ತಾನೆ?’ ಎನ್ನುವವರುಂಟು. ಅವನು ಕೊಟ್ಟದ್ದು ಬಳಸುವ ಹಕ್ಕನ್ನು, ಜೀವಮಾನದ ಜೀತವನ್ನಲ್ಲ. ಚಿಲ್ಲರೆ ಅಂಗಡಿಯವನೂ ಗಿರಣಿ ಕೆಲಸಗಾರನೂ ಇದಕ್ಕೆ ಕಾಸು ತೆರಬೇಕೆಂದು ನಾವು ಹೇಳುವುದಿಲ್ಲ. ಲಾಭ ಯಾರಿಗೋ, ಖರ್ಚೂ ಅವರದೇ ಆಗಲಿ.

ಬೆಂಗಳೂರಿನ ಜೆರೋಧಾ ಕಂಪನಿ ಇಂಥ ಕೆಲಸಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿಯನ್ನು 2024ರಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ಧಣಿಯ ಮನಸ್ಸು ತಿರುಗಿದರೆ ನಿಲ್ಲುವ ಹಣ ಕೂಲಿಯಾಗಲಾರದು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರಕಾರ 2015ರಲ್ಲೇ ಪ್ರಕಟಿಸಿತು. ಬಳಸಿರಿ ಎಂದ ಸರಕಾರ, ಕಾಯುವವನ ಪಾಲನ್ನೂ ಪ್ರತಿಯೊಂದು ಕರಾರಿನಲ್ಲಿ ಬರೆದಿಡಬೇಕು. ತೂಬು ಒಡೆದ ಮೇಲೆ ನೀರಗಂಟಿಯನ್ನು ಹುಡುಕಿ ಫಲವೇನು?