ಯಾರ ಕೈಯ ಬೆಂಕಿ ಅಪರಾಧ?

ಒಂದೇ ಬೆಂಕಿ. ಖಾಕಿ ತೊಟ್ಟವರು ಹಚ್ಚಿಸಿದರೆ ಅದರ ಹೆಸರು ಅರಣ್ಯ ನಿರ್ವಹಣೆ. ಸೋಲಿಗ ಹಚ್ಚಿದರೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದಲ್ಲಿ ಯಾರೂ ಬೆಂಕಿ ಹಾಕಕೂಡದು ಅನ್ನುತ್ತೆ. ಬೇಸಿಗೆಗೆ ಮುಂಚೆ ಇಲಾಖೆಯೇ ಬೆಂಕಿ ರೇಖೆ ಅಂತ ಪಟ್ಟಿ ಪಟ್ಟಿಯಾಗಿ ಹುಲ್ಲು ಸವರಿ ಸುಡಿಸುತ್ತೆ. ಆ ಕೂಲಿಗೆ ಕರೆಯೋದು ಯಾರನ್ನ? ಅದೇ ಸೋಲಿಗರನ್ನ, ಅದೇ ಜೇನುಕುರುಬರನ್ನ. ಕೈ ಬೇಕು, ಕೈಯೊಳಗಿನ ವಿದ್ಯೆ ಬೇಡ. ಈ ಲೆಕ್ಕ ನಮಗೇನು ಹೊಸದಲ್ಲ ಗೆಳೆಯರೆ. ಚಪ್ಪಲಿ ಬೇಕು, ಹೊಲಿದವನು ಹೊಸಿಲಾಚೆ ಇರಬೇಕು.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟವನ್ನೇ ತಗೊಳ್ಳಿ. ಬೆಟ್ಟದ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನ ಕಟ್ಟಿಕೊಂಡು ಅವರಿಗೆಲ್ಲ ಭಾವನಾದವನು. (ಭಾವನ ಗುಡಿ ಇದ್ದಲ್ಲೇ ಇದೆ, ಎಬ್ಬಿಸಿದ್ದು ಭಾವಮೈದುನರ ಪೋಡುಗಳನ್ನ. ಅದು ಬೇರೆ ಕತೆ.) ಈ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಕಾಯೋದಕ್ಕೆ ಮೊದಲೇ, ಜನವರಿ ಸುಮಾರಿಗೆ, ನೆಲದಲ್ಲಿ ಇನ್ನೂ ಪಸೆ ಇರುವಾಗ ಉದುರಿದ ತರಗಿಗೆ ಉರಿ ಮುಟ್ಟಿಸೋದು. ಉರಿ ಗಿಡ್ಡಕ್ಕೆ ಓಡಿಹೋಗುತ್ತೆ. ಇಲ್ಲೊಂದು ತುಂಡು ಸುಟ್ಟರೆ ಅಲ್ಲೊಂದು ತುಂಡು ಉಳಿಯುತ್ತೆ. ಹುಲ್ಲು ಚಿಗುರುತ್ತೆ. ನೆಲ್ಲಿಮರದ ಸಾರ ಹೀರುವ ಉಪ್ಪಿಲು ಅನ್ನೋ ಬಂದಳಿಕೆ ತಗ್ಗುತ್ತೆ.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ಆರಿತು. ಆ ಜಾಗಕ್ಕೆ ಲಂಟಾನ ನುಗ್ಗಿತು. ಹೂವಿನ ಅಂದಕ್ಕೆಂದು ಸಾಹೇಬರು ತಂದ ಗಿಡ. 1997ರಲ್ಲಿ ಸಂಶೋಧಕರು ಕಾಡಿನುದ್ದಕ್ಕೂ ಜಾಗ ಗುರುತಿಸಿ ನೋಡಿದಾಗ ನೂರಕ್ಕೆ 41 ಕಡೆ ಲಂಟಾನ ಇತ್ತು. 2008ರಲ್ಲಿ ನೂರಕ್ಕೆ 81 ಕಡೆ. ಬೆಂಕಿ ನಿಂತದ್ದೊಂದೇ ಕಾರಣ ಅಂತ ನಾನು ಹಟ ಹಿಡಿಯೋಲ್ಲ. ಆದರೆ ಪೋಡಿನ ಹಿರಿಯರು ಹೇಳುತ್ತ ಬಂದದ್ದು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಮಾತು ಅನ್ನಿಸಿಕೊಂಡಿತಲ್ಲ, ಅದಕ್ಕೇನನ್ನೋಣ?

ಈಗ ಮಣ್ಣಿನ ಮಾತು. ಮಣ್ಣು ಕಾವನ್ನ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳೋಲ್ಲ. ಪಸೆ ಇದ್ದರಂತೂ ಆ ನೀರು ಆರುವ ತನಕ ನೂರು ಡಿಗ್ರಿ ದಾಟೋಲ್ಲ. ತರಗು ಬೆಂಕಿ ಸರ್ರನೆ ಹಾದುಹೋದರೆ ನಾಲ್ಕು ಬೆರಳು ಕೆಳಗಿರುವ ಬೇರಿಗೆ, ಎರೆಹುಳಕ್ಕೆ ಸುದ್ದಿಯೂ ಮುಟ್ಟದು. ಮೇಲುಳಿದ ಬೂದಿ ಸುಣ್ಣದಂಶ, ಪೊಟ್ಯಾಷ್, ರಂಜಕವನ್ನ ನೆಲಕ್ಕೆ ಹಿಂದಿರುಗಿಸುತ್ತೆ. ಅದೇ ಹತ್ತಾರು ವರ್ಷ ಬೆಂಕಿ ಕಾಣದೆ ಲಂಟಾನದ ಪೊದೆ, ಒಣಕಡ್ಡಿ, ಬಿದ್ದ ದಿಮ್ಮಿ ಎಲ್ಲ ಪೇರಿಕೊಂಡ ಕಡೆ ಮಾರ್ಚಿ ಬಿಸಿಲಲ್ಲಿ ಕಿಡಿ ಬಿತ್ತೆನ್ನಿ. ಉರಿ ಓಡೋಲ್ಲ, ಕೂತು ಸುಡುತ್ತೆ. ಮಣ್ಣು 200 ಡಿಗ್ರಿ ದಾಟುತ್ತಲೂ ಅದರ ಜೀವಾಂಶವೇ ಉರಿಯೋಕೆ ಶುರು. ಸಾರಜನಕ ಗಾಳಿಗೆ ಹೋಯಿತು. 450ರ ಹೊತ್ತಿಗೆ ಮೇಲ್ಮಣ್ಣು ಹೆಚ್ಚುಕಮ್ಮಿ ಬರಿ ಪುಡಿ. ಸುಟ್ಟ ಸೊಪ್ಪುಸದೆಯ ಮೇಣದಂಥ ಆವಿ ಕೆಳಗಿಳಿದು, ತಣ್ಣಗಾಗಿ, ಮಣ್ಣಿನ ಕಣಕಣಕ್ಕೂ ಬಳಿದುಕೊಳ್ಳುತ್ತೆ. ಆಮೇಲೆ ಮಳೆ ಹುಯ್ದರೆ ನೀರು ಇಂಗೋಲ್ಲ. ಕೆಸುವಿನೆಲೆ ಮೇಲಿನ ಹನಿಯ ಹಾಗೆ ಜಾರುತ್ತೆ, ಬೂದಿಯ ಜೊತೆ ಮೇಲ್ಮಣ್ಣನ್ನೂ ಹೊತ್ತು ಹಳ್ಳಕ್ಕೆ ಸುರಿಯುತ್ತೆ.

2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿತು. ಕರಕಲು ಮರದ ಫೋಟೋ ನಾಡೆಲ್ಲ ನೋಡಿತು. ಮಣ್ಣು ಸತ್ತರೆ ಫೋಟೋ ಬರೋಲ್ಲ.

ಹಾಗಂತ ವರ್ಷವರ್ಷ ಸುಡಿ ಅಂತಲ್ಲ. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಬೆಂಕಿ ಬಿದ್ದರೆ ಸಸಿ ಏಳೋಲ್ಲ, ಸಾರಜನಕ ತುಂಬಿಕೊಳ್ಳೋಕೆ ಪುರುಸೊತ್ತಿಲ್ಲ. ಆಳೆತ್ತರ ಲಂಟಾನ ನಿಂತಿರುವ ಇವತ್ತಿನ ಕಾಡಿಗೆ ಹಳೇ ತರಗು ಬೆಂಕಿಯನ್ನ ಹಾಗೇ ಹಾಕಿದರೂ ಅನಾಹುತವೇ. ಮೊದಲು ಅದನ್ನ ಬೇರುಸಹಿತ ಕೀಳಬೇಕು. ಎಲ್ಲಿ, ಯಾವಾಗ, ಎಷ್ಟು ಅನ್ನೋದೇ ವಿದ್ಯೆ. ಆ ವಿದ್ಯೆ ಬಲ್ಲ ಮುದುಕರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿದ್ದಾರೆ.

ಈ ನಿಷೇಧವಾದರೂ ಯಾರದು? ದಿಮ್ಮಿಯ ಲಾಭಕ್ಕೆ ಕಾಡು ಕಾದ ಬ್ರಿಟಿಷರದು. ಬರ್ಮಾದಲ್ಲಿ ಬೆಂಕಿ ತಡೆದು ನೋಡಿ, ತೇಗದ ಸಸಿ ಏಳದ್ದನ್ನ ಕಂಡು, ಕಳೆದ ಶತಮಾನದ ಮೊದಲ ದಶಕದಲ್ಲೇ ಅವರೇ ಅದನ್ನ ಸಡಿಲಿಸಿದರು. ಸಾಹೇಬ ಬಿಟ್ಟದ್ದನ್ನ ನಮ್ಮವರು ಇನ್ನೂ ತಬ್ಬಿಕೊಂಡಿದ್ದಾರೆ!

2011ರಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಬಂತು. ಆ ಕಾಯ್ದೆ ಕಾಡನ್ನ ಕಾಯುವ, ನಿರ್ವಹಿಸುವ ಹಕ್ಕನ್ನೂ ಹೇಳುತ್ತೆ. ಕಾಯುವ ಹಕ್ಕಿರುವವನಿಗೆ ಬೆಂಕಿ ಬಗ್ಗೆ ಬಾಯಿಲ್ಲ ಅಂದರೆ ಅದೆಂಥ ಹಕ್ಕು?

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳನ್ನ ಕರೆದುಕೊಂಡು ಹೋಗಿ. ತರಗು ಉರಿದ ಜಾಗದಲ್ಲಿ ಒಮ್ಮೆ, ಸೌದೆರಾಶಿ ಕೂತು ಸುಟ್ಟ ಜಾಗದಲ್ಲಿ ಒಮ್ಮೆ, ಬೂದಿ ಸರಿಸಿ ಬೆರಳಷ್ಟು ಕೆರೆದು ಒಂದೊಂದು ಚೊಂಬು ನೀರು ಹುಯ್ಯಿರಿ. ಎಷ್ಟು ಹೊತ್ತಿಗೆ ಇಂಗಿತು ಅಂತ ಮಕ್ಕಳೇ ಬರೆದಿಡಲಿ. ಸಂಘಟನೆಯ ಗೆಳೆಯರು ಆ ಲೆಕ್ಕ ಹಿಡಿದುಕೊಂಡು ಹೋಗಿ ಕೇಳಲಿ: ಬರುವ ಡಿಸೆಂಬರಿನಲ್ಲಿ ಬೆಂಕಿ ರೇಖೆಗೆ ಗುರುತು ಹಾಕೋ ಮುಂಚೆ ಪೋಡಿನ ಗ್ರಾಮಸಭೆ ಕೂರಬೇಕು. ಎಲ್ಲಿ ಲಂಟಾನ ಕೀಳೋದು, ಎಲ್ಲಿ ತರಗು ಸುಡೋದು, ಎಲ್ಲಿ ಮುಟ್ಟದೆ ಬಿಡೋದು ಅಂತ ಹಿರಿಯರು ಹೇಳಿದ್ದನ್ನ ಇಲಾಖೆ ನಡಾವಳಿಯಲ್ಲಿ ಬರೆದು ರುಜು ಹಾಕಬೇಕು.